ಬೀಸುವ ಕಲ್ಲಿಗೆ ಹೇಳಿಕೊಂಡದ್ದು

ಹಾಡಿದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತನ್ನು ಒಪ್ಪದವರು ಯಾರಿದ್ದಾರೆ? ನಮ್ಮ ಅವ್ವಂದಿರು ಹೇಳುತ್ತಿದ್ದರು, ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳು ಹೇಳುತ್ತಾರೆ, ಈಗೀಗ ಡಾಕ್ಟರರೂ ಹೇಳುತ್ತಿದ್ದಾರೆ. ಎಲ್ಲರೂ ಇಷ್ಟು ಸಲೀಸಾಗಿ ತಲೆದೂಗುವ ಮಾತು ಕಂಡರೆ ನನಗೆ ಅದನ್ನೊಮ್ಮೆ ಮಗುಚಿ ನೋಡಬೇಕೆನಿಸುತ್ತದೆ. ಹಾಡು ಹಗುರ ಮಾಡುವುದು ನಿಜವಾದರೆ ಯಾವುದನ್ನು ಹಗುರ ಮಾಡುತ್ತದೆ? ತಲೆಯ ಮೇಲಿನ ಹೊರೆಯನ್ನೋ, ಹೊತ್ತವಳ ದಣಿವನ್ನೋ? ಬೇರೆಯವರ ಹಾಡು ಕೇಳಿದರೆ ಸಾಕೋ, ನಾವೇ ಬಾಯಿ ತೆರೆಯಬೇಕೋ? ಒಬ್ಬಳೇ ಗುನುಗಿದರೂ ನಡೆದೀತೋ, ಎದುರಿಗೆ ಇನ್ನೊಬ್ಬಳು ಬೇಕೋ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ನಾನು ಮೊದಲು ಹೋಗುವುದು ಆಸ್ಪತ್ರೆಯ ಕಡೆಗಲ್ಲ, ನಮ್ಮ ಮನೆಯ ಕಪಾಟಿನಲ್ಲಿರುವ ಒಂದು ಪುಸ್ತಕದ ಕಡೆಗೆ. ಅದರ ಹೆಸರು 'ಗರತಿಯ ಹಾಡು'.

ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರ ಒಂದು ಬಳಗವಿತ್ತು. ಹಲಸಂಗಿ ಗೆಳೆಯರು ಎಂದೇ ಕನ್ನಡ ಸಾಹಿತ್ಯದಲ್ಲಿ ಹೆಸರಾದವರು. ತಮ್ಮ ಸುತ್ತಿನ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಅವರು ಬರೆದುಕೊಂಡು 1931ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು ಈ ಹಾಡುಗಳಿರಲಿಲ್ಲ ಎಂದಲ್ಲ; ಅವು ಹಾಡು ಮಾತ್ರ ಆಗಿದ್ದವು, ಸಾಹಿತ್ಯವಾಗಿರಲಿಲ್ಲ. ಬೆಳಗಿನ ಜಾವ ಅವ್ವ ಬೀಸುತ್ತ ಹಾಡಿಕೊಳ್ಳುವುದು ಮನೆಯವರ ಕಿವಿಗೆ ಕೋಳಿ ಕೂಗಿದಷ್ಟೇ ಸಹಜವಾಗಿತ್ತು. ಅದನ್ನು ಕಾವ್ಯವೆಂದು ಗುರುತಿಸಿದವರಿಗೆ ನಾವು, ಅದರಲ್ಲೂ ಹೆಂಗಸರು, ಎಷ್ಟು ಋಣಿಗಳಾದರೂ ಸಾಲದು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆ ಪುಸ್ತಕದ ಬಗ್ಗೆ ನನಗಿರುವ ಒಂದೆರಡು ತಕರಾರುಗಳನ್ನೂ ಹೇಳುವುದಿದೆ.

ಈ ಹಾಡುಗಳ ಬಹುಪಾಲು ತ್ರಿಪದಿಯಲ್ಲಿವೆ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳಿ ಕೊರೆದದ್ದೂ ಇದೇ ಛಂದಸ್ಸು, ಸರ್ವಜ್ಞ ಊರೂರು ತಿರುಗಿ ಹೇಳಿದ್ದೂ ಇದೇ ಛಂದಸ್ಸು. ವೀರನಿಗೂ ವಿರಾಗಿಗೂ ಒದಗಿದ ಈ ಮೂರು ಸಾಲು ಹಿಟ್ಟು ಬೀಸುವವಳಿಗೂ ಒದಗಿತು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯ ಸಾಲಿಗೆ ಮೂರೇ ಗಣ. ಹಾಡುವಾಗ ನಡುವಿನ ಸಾಲಿನ ಒಂದು ತುಂಡು ಮರಳಿ ಬರುತ್ತದೆ. ಓದಿದರೆ ಮೂರು ಸಾಲು, ಕೇಳಿದರೆ ನಾಲ್ಕು. ಪಂಡಿತರು ಇದನ್ನು ಛಂದಸ್ಸಿನ ಲೆಕ್ಕದಲ್ಲಿ ವಿವರಿಸುತ್ತಾರೆ. ಬೀಸಿದವಳ ಲೆಕ್ಕ ಬೇರೆ. ಆ ಮರುಕಳಿಸುವ ತುಂಡಿನಲ್ಲಿ ಅವಳಿಗೆ ಮುಂದಿನ ಮಾತು ಹೊಳೆಯಲು ಸಮಯ ಸಿಗುತ್ತದೆ, ಎದುರಿಗೆ ಕುಳಿತವಳಿಗೆ ದನಿಗೂಡಿಸಲು ಜಾಗ ಸಿಗುತ್ತದೆ. ಕೊನೆಯ ಸಾಲು ಗಿಡ್ಡವಾದದ್ದರಿಂದ ಅಲ್ಲಿ ಉಸಿರು ನಿಲ್ಲುತ್ತದೆ, ಕೈ ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತದೆ, ಮತ್ತೆ ಮೊದಲ ಸಾಲು. ಉದ್ದ ಉಸಿರಿನ ಕಾವ್ಯ ಅಲ್ಲಿ ನಡೆಯುತ್ತಿರಲಿಲ್ಲ. ಹೇಳಬೇಕಾದದ್ದು ಎಷ್ಟೇ ಇರಲಿ, ಮೂರು ಸಾಲಿಗೊಮ್ಮೆ ಕಟ್ಟಿ ಇಳಿಸಬೇಕು.

ನಮ್ಮ ದೊಡ್ಡವ್ವ ಆ ಕಡೆಯವಳೇ. ನನಗೆ ಬುದ್ಧಿ ಬರುವ ಹೊತ್ತಿಗೆ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಆದರೂ ಹಬ್ಬದ ಉಂಡಿಗೆ ಬೇಕಾದ ಕಡಲೆಯನ್ನೋ ಹೆಸರನ್ನೋ ಆಕೆ ಮನೆಯಲ್ಲೇ ಬೀಸುತ್ತಿದ್ದಳು, ಗಿರಣಿಯ ಹಿಟ್ಟು ಸುಟ್ಟ ವಾಸನೆ ಬರುತ್ತದೆಂದು. ಬೀಸುವ ಕಲ್ಲಿನ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಎತ್ತಿಕೊಡುವವಳು, ಇನ್ನೊಬ್ಬಳು ಕೂಡಿಸುವವಳು. ಹಾಡು ಶುರುವಾಗುವುದು ಯಾವಾಗಲೂ ದೇವರಿಂದ: ಕಲ್ಲಿಗೆ ನಮಸ್ಕಾರ, ನೆಲಕ್ಕೆ ನಮಸ್ಕಾರ, ಸೂರ್ಯನಿಗೆ ನಮಸ್ಕಾರ. ಆಮೇಲೆ ತವರು ಬರುತ್ತದೆ. ತವರಿನ ಹಿಂದೆ ಅಣ್ಣ, ಅಣ್ಣನ ಹಿಂದೆ ಅತ್ತಿಗೆ, ಪಂಚಮಿಗೆ ಕರೆಯಲು ಬಾರದ ಅಣ್ಣ, ಬಂದರೂ ಕಳಿಸದ ಅತ್ತೆ. ಅಷ್ಟರಲ್ಲಿ ಒಳಗೆ ಮಗು ಮಿಸುಕಿದರೆ ಹಾಡು ಕೂಸಿನ ಕಡೆ ತಿರುಗುತ್ತದೆ. ಮತ್ತೆ ಎಲ್ಲಿಂದಲೋ ಸತ್ತ ಅವ್ವ ಬರುತ್ತಾಳೆ. ಅವಳು ಬಂದಮೇಲೆ ಸ್ವಲ್ಪ ಹೊತ್ತು ಇಬ್ಬರಲ್ಲಿ ಒಬ್ಬಳೇ ಹಾಡುವುದು, ಇನ್ನೊಬ್ಬಳ ಗಂಟಲು ಕಟ್ಟಿರುತ್ತದೆ. ಕಲ್ಲು ಮಾತ್ರ ನಿಲ್ಲುವುದಿಲ್ಲ.

ಈ ಸಾಲುಸಾಲಿನ ಹರಿವೇ ನನಗೆ ಮುಖ್ಯವೆನಿಸುತ್ತದೆ, ಮತ್ತು ನನ್ನ ಮೊದಲ ತಕರಾರು ಇರುವುದೂ ಅಲ್ಲಿಯೇ. ಜಾನಪದ ಹಾಡುಗಳ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಹಾಡುಗಳನ್ನು ವಿಷಯವಾರು ಜೋಡಿಸುತ್ತಾರೆ. ದೇವರ ಹಾಡು ಒಂದು ಕಡೆ, ತವರಿನವು ಒಂದು ಕಡೆ, ಕೂಸಿನವು ಇನ್ನೊಂದು ಕಡೆ. ಓದುಗರಿಗೆ ಅನುಕೂಲ, ನಿಜ. ಆದರೆ ಮನಸ್ಸು ಹೀಗೆ ಡಬ್ಬಿಗಳಲ್ಲಿ ಇರುವುದಿಲ್ಲವಲ್ಲ! ದೇವರಿಂದ ಅಣ್ಣನಿಗೆ, ಅಣ್ಣನಿಂದ ಅತ್ತಿಗೆಗೆ, ಅಲ್ಲಿಂದ ಕೂಸಿಗೆ ಹಾರುವ ಆ ಹಾರಾಟದಲ್ಲೇ ಬೀಸುವವಳ ಆ ದಿನದ ಸಂಕಟ ಏನೆಂಬುದು ಗೊತ್ತಾಗುವುದು. ಅಣ್ಣನನ್ನು ಹೊಗಳುವ ನಾಲ್ಕು ತ್ರಿಪದಿಗಳ ನಂತರ ಒಂದೇ ಒಂದು ತ್ರಿಪದಿಯಲ್ಲಿ ಅವನು ಬರಲಿಲ್ಲವೆಂದು ಬಂದರೆ, ಆ ನಾಲ್ಕು ಹೊಗಳಿಕೆಗಳೂ ಬೇರೆಯಾಗಿ ಕೇಳಿಸುತ್ತವೆ. ಪುಸ್ತಕದಲ್ಲಿ ಹೊಗಳಿಕೆ ಒಂದು ಪುಟಕ್ಕೆ ಹೋಗಿ ಅಳಲು ಇನ್ನೊಂದು ಪುಟಕ್ಕೆ ಹೋದರೆ ನಮಗೆ ಸಿಗುವುದು ಚೆಂದದ ಸಾಲುಗಳು. ಒಬ್ಬಳು ಹೆಂಗಸು ಕತ್ತಲಲ್ಲಿ ಕುಳಿತು ತನ್ನ ಮನಸ್ಸನ್ನು ಹೇಗೆ ದಾರಿಗೆ ತಂದುಕೊಂಡಳೆಂಬುದು ಸಿಗುವುದಿಲ್ಲ.

ಎರಡನೆಯ ತಕರಾರು ಹೆಸರಿನದು. 'ಗರತಿ' ಎಂದರೆ ಗೃಹಸ್ಥೆ, ಮರ್ಯಾದಸ್ಥ ಹೆಂಗಸು. ಹಾಡಿದವರು ಅದೇ ಆಗಿದ್ದರು, ಸುಳ್ಳಲ್ಲ. ಆದರೆ ಆ ಹೆಸರಿಟ್ಟ ಕೂಡಲೇ ಒಂದು ಜರಡಿ ಹಿಡಿದ ಹಾಗಾಗುತ್ತದೆ. ಬರೆದುಕೊಂಡವರು ಗಂಡಸರು, ಅದೂ ಊರಿನ ಓದಿದ ಹುಡುಗರು, ಅಣ್ಣತಮ್ಮಂದಿರ ವಯಸ್ಸಿನವರು. ಅವರೆದುರು ಕುಳಿತು ನೆನಪಿಸಿಕೊಂಡು ಹೇಳುವಾಗ ಯಾವ ಹೆಂಗಸು ಗಂಡನ ಹೊಡೆತದ ಹಾಡನ್ನು, ಮೈಯ ಆಸೆಯ ಹಾಡನ್ನು, ಅತ್ತೆಗೆ ಕೊಟ್ಟ ಶಾಪವನ್ನು ಪೂರ್ತಿ ಬಿಚ್ಚಿಟ್ಟಾಳು? ಪಕ್ಕದ ಮಹಾರಾಷ್ಟ್ರದಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತೆವಾಂ ಎಂಬಿಬ್ಬರು ಬೀಸುವ ಕಲ್ಲಿನ ಓವಿಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದರು. ಅಲ್ಲಿ ಕೂಡಿದ ಹಾಡುಗಳು ಒಂದು ಲಕ್ಷಕ್ಕೂ ಹೆಚ್ಚು. ಅಲ್ಲಿ ಹಳ್ಳಿಯ ಹೆಂಗಸರೇ ಹೆಂಗಸರ ಬಳಿ ಕುಳಿತು ಹಾಡು ಕೇಳಿದ್ದು ಬಹಳ. ಗಂಡನ ಮನೆಯ ಕಷ್ಟ, ಹೆಣ್ಣಾಗಿ ಹುಟ್ಟಿದ ಬೇಸರ, ಸೀತೆಗಾದ ಅನ್ಯಾಯ, ಎಲ್ಲವೂ ಅಲ್ಲಿ ಧಾರಾಳವಾಗಿ ಬರುತ್ತವೆ. ಕೇಳುವವರು ಯಾರು ಎಂಬುದರ ಮೇಲೆ ಹಾಡು ಏನು ಹೇಳುತ್ತದೆ ಎಂಬುದೂ ನಿಂತಿದೆ. ಮನಸ್ಸಿನ ಮಾತಿಗೆ ಬಂದಾಗ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಬೀಸುವ ಕಲ್ಲು ಹೆಂಗಸಿಗೆ ಕೊಟ್ಟದ್ದೇನು? ನಾನು ಒಮ್ಮೆ ದೊಡ್ಡವ್ವನನ್ನು ಕೇಳಿದ್ದೆ, ಅಷ್ಟೆಲ್ಲ ಅತ್ತೆಯನ್ನು ಬೈದು ಹಾಡುತ್ತಿದ್ದೆಯಲ್ಲ, ಅತ್ತೆ ಅಲ್ಲೇ ಪಡಸಾಲೆಯಲ್ಲಿ ಮಲಗಿರುತ್ತಿದ್ದಳಲ್ಲ, ಕೇಳಿಸುತ್ತಿರಲಿಲ್ಲವೇ ಎಂದು. ಆಕೆ ನಕ್ಕು, "ಕೇಳಸ್ತಿತ್ತು. ಆದ್ರ ನಾ ಏನ ಆಕೀಗೆ ಹೇಳಿದ್ದಿಲ್ಲ, ಕಲ್ಲಿಗೆ ಹೇಳಿದ್ದೆ," ಎಂದಳು. ಈ ಮಾತನ್ನು ನಾನು ಮರೆತಿಲ್ಲ. ಮೊದಲನೆಯದು, ಕೆಲಸದ ನೆವ. ಸುಮ್ಮನೆ ಕುಳಿತು ಹಾಡುವ ಸೊಸೆಗೆ ಬೈಗುಳ ಖಂಡಿತ; ಬೀಸುತ್ತ ಹಾಡುವ ಸೊಸೆಯನ್ನು ಯಾರೂ ತಡೆಯುವಂತಿಲ್ಲ, ಹಾಡು ನಿಂತರೆ ಹಿಟ್ಟೂ ನಿಂತೀತು. ಎರಡನೆಯದು, ಹಾಡಿನ ಮರೆ. ಅದು ತಲೆಮಾರಿನಿಂದ ಬಂದ ಹಾಡು, ಅದರೊಳಗಿನ ಅತ್ತೆ ಎಲ್ಲರ ಅತ್ತೆ. ನೀನು ನನಗೇ ಅಂದೆ ಎಂದು ಜಗಳ ತೆಗೆದವಳೇ ಸಿಕ್ಕಿಬೀಳುತ್ತಾಳೆ. ಮೂರನೆಯದು, ಎದುರಿಗೆ ಕುಳಿತ ಜೊತೆ. ಅವಳು ಸಮಾಧಾನ ಹೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಇವಳು ಹಾಡಿದ ಸಾಲನ್ನೇ ತಾನೂ ಹಾಡುತ್ತಾಳೆ. ನಿನಗಾದದ್ದು ನನಗೂ ಆಗಿದೆ ಎನ್ನಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸತ್ತ ಮನೆಯಲ್ಲಿ ನಮ್ಮ ಕಡೆಯ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಅಲ್ಲಿಯೂ ಇದೇ. ಬರಿಯ ಅಳು ಒಬ್ಬಳದು. ಮಾತಿಗೆ ದನಿ ಕೂಡಿದ ಅಳುವಿಗೆ ಹತ್ತು ಜನ ಜೊತೆಯಾಗುತ್ತಾರೆ.

ಈಗ ವಿಜ್ಞಾನದವರು ಏನೆನ್ನುತ್ತಾರೆ ನೋಡೋಣ. ಅವರ ಮಾತು ನಮ್ಮ ದೊಡ್ಡವ್ವನ ಮಾತಿಗೆ ಬಹಳ ದೂರವೇನೂ ಇಲ್ಲ. ಹಾಡುವಾಗ ನಾವು ಬೇಗ ಉಸಿರೆಳೆದುಕೊಂಡು ನಿಧಾನವಾಗಿ ಬಿಡುತ್ತೇವೆ. ಉಸಿರು ಬಿಡುವಾಗ ಎದೆಯ ಬಡಿತ ತುಸು ಇಳಿಯುತ್ತದೆ, ಅದು ಶರೀರದ ಧರ್ಮ. ಸ್ವೀಡನ್ ದೇಶದ ಗೊಥೆನ್‌ಬರ್ಗಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಹೃದಯಬಡಿತಗಳು ಹಾಡಿನ ಸಾಲಿಗೆ ತಕ್ಕಂತೆ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆಂದು ಕಂಡುಬಂತು. ಇಂಗ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಇನ್ನೂ ಸ್ವಾರಸ್ಯಕರವೆನಿಸಿತು. ವಯಸ್ಕರ ತರಗತಿಗಳಿಗೆ ಹೊಸದಾಗಿ ಸೇರಿದವರಲ್ಲಿ ಕೆಲವರು ಹಾಡು ಕಲಿತರು, ಕೆಲವರು ಕರಕುಶಲ ಕೆಲಸ, ಕೆಲವರು ಬರವಣಿಗೆ. ಏಳು ತಿಂಗಳ ಕೊನೆಗೆ ಎಲ್ಲ ತರಗತಿಗಳಲ್ಲೂ ಜನ ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಆದರೆ ಹಾಡಿನ ತರಗತಿಯವರು ಮೊದಲ ಕೆಲವು ವಾರಗಳಲ್ಲೇ ಹತ್ತಿರವಾಗಿಬಿಟ್ಟಿದ್ದರು. ಅಪರಿಚಿತರ ನಡುವಿನ ಬಿಗುಮಾನವನ್ನು ಹಾಡು ಬೇಗ ಬಿಡಿಸುತ್ತದೆ, ಅಷ್ಟೇ. ಆದರೆ ಆ 'ಬೇಗ' ಎಂಬುದರ ಬೆಲೆ ಒಂಟಿಯಾಗಿರುವವಳಿಗೇ ಗೊತ್ತು.

ನಮ್ಮ ವಿಷಯಕ್ಕೆ ತೀರ ಹತ್ತಿರದ್ದು ಬಾಣಂತಿಯರನ್ನು ಕುರಿತ ಒಂದು ಪ್ರಯೋಗ. ಹೆರಿಗೆಯಾದ ಮೇಲೆ ಕೆಲವರಿಗೆ ಕಾರಣವಿಲ್ಲದೆ ಅಳು, ನಿದ್ದೆಯಿಲ್ಲದಿರುವುದು, ಕೂಸಿನ ಮೇಲೂ ಮನಸ್ಸಿಲ್ಲದಿರುವುದು ಶುರುವಾಗುತ್ತದೆ. ನಾವು ಅದಕ್ಕೆ ದೃಷ್ಟಿ ಎನ್ನುತ್ತೇವೆ, ಗಾಳಿ ಎನ್ನುತ್ತೇವೆ, ಸೊಕ್ಕು ಎನ್ನುವವರೂ ಇದ್ದಾರೆ. ಅದು ಖಿನ್ನತೆ, ಕಾಯಿಲೆ. ಲಂಡನ್ನಿನಲ್ಲಿ ಡೇಸಿ ಫ್ಯಾನ್‌ಕೋರ್ಟ್ ಮತ್ತು ರೋಸೀ ಪರ್ಕಿನ್ಸ್ ಎಂಬ ಸಂಶೋಧಕಿಯರು ಇಂಥ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಹತ್ತು ವಾರ ಒಟ್ಟಿಗೆ ಕೂಡಿ ಹಾಡಿತು. ಇನ್ನೊಂದು ಗುಂಪು ಅಷ್ಟೇ ವಾರ ಕೂಡಿ ಕೂಸುಗಳೊಂದಿಗೆ ಆಟವಾಡಿತು. ಮೂರನೆಯದಕ್ಕೆ ಎಂದಿನ ಆರೈಕೆ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹತ್ತು ವಾರಗಳಲ್ಲಿ ಮೂರೂ ಗುಂಪಿನವರು ಸುಧಾರಿಸಿದ್ದರು. ಆದರೆ ಖಿನ್ನತೆ ಹೆಚ್ಚಾಗಿದ್ದವರಲ್ಲಿ ಹಾಡಿದ ತಾಯಂದಿರು ಉಳಿದವರಿಗಿಂತ ಬೇಗ, ಮೊದಲ ಆರು ವಾರಗಳಲ್ಲೇ, ಚೇತರಿಸಿಕೊಂಡಿದ್ದರು. ಬರಿಯ ಕೂಡುವಿಕೆಯಿಂದ ಆಗುವುದಾದರೆ ಆಟದ ಗುಂಪಿಗೂ ಅಷ್ಟೇ ವೇಗ ಬರಬೇಕಿತ್ತು. ಹಾಡಿನ ಗುಂಪಿನವರು ಏನು ಮಾಡುತ್ತಿದ್ದರು ಗೊತ್ತೇ? ಕೂಸಿಗೆ ಹಾಡುತ್ತಿದ್ದರು, ಜೊತೆಗೆ ತಾಯ್ತನದ ಬಗ್ಗೆ ತಾವೇ ಕೂಡಿ ಹೊಸ ಹಾಡು ಕಟ್ಟುತ್ತಿದ್ದರು! ಕಲ್ಲಿಲ್ಲ, ಜೋಳವಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು, ಏಕೆಂದರೆ ಇಂಥ ಸುದ್ದಿ ಓದಿದ ಕೂಡಲೇ ನಾವು ಮಾತ್ರೆಯ ಡಬ್ಬಿ ಮುಚ್ಚಿ ರೇಡಿಯೋ ಹಚ್ಚುವವರು. ನಮ್ಮ ಓಣಿಯ ಒಬ್ಬ ಬಾಣಂತಿಗೆ ಹೀಗೇ ಆಗಿತ್ತು. ಮಾತಿಲ್ಲ, ಊಟವಿಲ್ಲ, ಕೂಸು ಅತ್ತರೆ ಗೋಡೆಯ ಕಡೆ ತಿರುಗುತ್ತಿದ್ದಳು. ಮನೆಯವರು ತಲೆದೆಸೆಗೆ ಫೋನಿಟ್ಟು ದಿನವಿಡೀ ಭಕ್ತಿಗೀತೆ ಹಾಕಿದರು. ಅದು ಪಕ್ಕದ ಮನೆಯ ಗದ್ದಲದ ಹಾಗೆ ಕೇಳುತ್ತಿತ್ತೆಂದು ಅವಳು ಆಮೇಲೆ ಹೇಳಿದಳು. ಡಾಕ್ಟರರ ಬಳಿ ಕರೆದೊಯ್ದದ್ದು ತಡವಾಗಿ. ಔಷಧಿ ಶುರುವಾಯಿತು. ಅದರ ಜೊತೆಗೆ ಅವಳ ತಾಯಿ, ಇನ್ನಿಬ್ಬರು ಹೆಂಗಸರು ಸಂಜೆ ತೊಟ್ಟಿಲ ಹತ್ತಿರ ಕುಳಿತು ಜೋಗುಳ ಹಾಡತೊಡಗಿದರು. ಬಹಳ ದಿನ ಅವಳು ಬಾಯಿ ತೆರೆಯಲಿಲ್ಲ, ತೊಟ್ಟಿಲ ಹಗ್ಗವನ್ನಷ್ಟೇ ಜಗ್ಗುತ್ತಿದ್ದಳು. ಒಂದು ಸಂಜೆ ಅವರು ಒಂದು ಸಾಲನ್ನು ತಪ್ಪಾಗಿ ಹಾಡಿದಾಗ, "ಅದು ಹಂಗಲ್ಲ," ಎಂದಳಂತೆ. ಗುಣವಾದದ್ದು ಔಷಧಿಯಿಂದಲೋ ಜೋಗುಳದಿಂದಲೋ ಎಂದು ವಾದ ಮಾಡುವವರು ಮಾಡಲಿ. ನನಗೆ ಕಂಡದ್ದು, ಒಂದರ ಜೊತೆ ಇನ್ನೊಂದು ಇತ್ತು ಎಂಬುದು. ಖಿನ್ನತೆಗೆ ಸಂಗೀತ ಚಿಕಿತ್ಸೆ ಕುರಿತು 2017ರಲ್ಲಿ ಬಂದ ಕೊಕ್ರೇನ್ ವಿಮರ್ಶೆ ಒಟ್ಟು 421 ಜನರ ಮೇಲೆ ನಡೆದ 9 ಅಧ್ಯಯನಗಳನ್ನು ತೂಗಿ ನೋಡಿ ಹೇಳಿದ್ದೂ ಇಷ್ಟೇ: ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಕೂಡಿಸಿದರೆ, ಕನಿಷ್ಠ ಸ್ವಲ್ಪ ಕಾಲದ ಮಟ್ಟಿಗೆ, ಬರಿಯ ಚಿಕಿತ್ಸೆಗಿಂತ ಹೆಚ್ಚು ಅನುಕೂಲ. ಚಿಕಿತ್ಸೆಯ ಬದಲಿಗೆ ಎಂದು ಯಾರೂ ಹೇಳಿಲ್ಲ. ಮನೆಯಲ್ಲಿ ಯಾರಿಗಾದರೂ ಇಂಥ ಸ್ಥಿತಿ ಬಂದರೆ ತಾಲೂಕು ಆಸ್ಪತ್ರೆಗೆ ಹೋಗಿ. ಹೊರಗೆ ಹೋಗಲು ಸಂಕೋಚವಾದರೆ 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇದೇ ಕಾರಣಕ್ಕೆ ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿಗಳು ಕಂಡರೆ ನನಗೆ ಆಗುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನ ಹೊಟ್ಟೆನೋವಿಗಾಗಿ ಅಠಾಣ ರಾಗದಲ್ಲಿ ಗುರುಗ್ರಹದ ಕೃತಿ ರಚಿಸಿದರೆಂಬ ಐತಿಹ್ಯ ಸುಂದರವಾಗಿದೆ. ಆದರೆ ಆ ಕಥೆಯಲ್ಲೂ ಶಿಷ್ಯ ಅದನ್ನು ತಾನೇ ಹಾಡಿಕೊಂಡನೆಂದಿದೆ, ಗುಳಿಗೆಯಂತೆ ನುಂಗಿದನೆಂದಿಲ್ಲ. ಒಬ್ಬಳಿಗೆ ಕಣ್ಣೀರು ತರಿಸುವ ರಾಗ ಇನ್ನೊಬ್ಬಳಿಗೆ ಮದುವೆ ಮನೆಯ ನೆನಪು ತಂದೀತು. ಹಾಡನ್ನು ಔಷಧಿಯ ಚೀಟಿಯಾಗಿ ಮಾಡಿದರೆ ಹಾಡುವವಳ ಬದುಕು ಅದರಿಂದ ಹೊರಗುಳಿಯುತ್ತದೆ. ಬೀಸುವ ಹಾಡಿಗೆ ಇರುವುದು ಒಂದೆರಡೇ ಮಟ್ಟು. ಸಾವಿರ ಹೆಂಗಸರು ಸಾವಿರ ದುಃಖಗಳನ್ನು ಅದೇ ಮಟ್ಟಿನಲ್ಲಿ ಹಾಡಿದರು. ಗುಣವಿದ್ದದ್ದು ಮಟ್ಟಿನೊಳಗೆ ಮಾತ್ರವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಇನ್ನೊಂದು ಆಕ್ಷೇಪಣೆಯನ್ನೂ ಎದುರಿಸಬೇಕು. ಓದಿದ ಗೆಳತಿಯೊಬ್ಬಳು ಕೇಳುತ್ತಾಳೆ, "ಹಾಡಿ ಹಾಡಿ ಹಗುರಾಗಿ ಮರುದಿನ ಮತ್ತೆ ಅದೇ ಕಲ್ಲಿನ ಮುಂದೆ ಕೂತರಲ್ಲ, ಅದರಿಂದ ಏನು ಬದಲಾಯಿತು? ಕುಕ್ಕರಿನ ಸೀಟಿಯ ಹಾಗೆ ಹಬೆ ಹೊರಗೆ ಹೋಯಿತು, ಒಲೆ ಹಾಗೇ ಉರಿಯಿತು." ಈ ಮಾತಿನಲ್ಲಿ ಸತ್ಯವಿದೆ. ಯಾವ ಹಾಡೂ ಯಾವ ಅತ್ತೆಯನ್ನೂ ತಿದ್ದಲಿಲ್ಲ, ಪಂಚಮಿಗೆ ಯಾವ ಅಣ್ಣನನ್ನೂ ಕರೆತರಲಿಲ್ಲ. ನಸುಕಿನಲ್ಲೆದ್ದು ಬೀಸುವ ಕಷ್ಟವನ್ನು ತಪ್ಪಿಸಿದ್ದು ಹಾಡಲ್ಲ, ಗಿರಣಿ. ಬೀಸುವ ಕಲ್ಲು ಹೋದದ್ದಕ್ಕೆ ಅಳುವ ಕವಿಗಳು ಒಂದು ವಾರ ಐದು ಸೇರು ಜೋಳ ಬೀಸಿ ನೋಡಲಿ. ಆದರೆ ಗೆಳತಿಯ ಮಾತಿಗೆ ನಾನು ಪೂರ್ತಿ ಒಪ್ಪಿಲ್ಲ. ಹಬೆಗೆ ನೆನಪಿಲ್ಲ, ಹಾಡಿಗಿದೆ. ಕಲ್ಲಿನ ಬಳಿ ತೂಕಡಿಸುತ್ತ ಕುಳಿತ ಹತ್ತು ವರ್ಷದ ಹುಡುಗಿಗೆ ಹೆಣ್ಣಿನ ಬದುಕಿನ ಬಗ್ಗೆ ಯಾರೂ ಎದುರಿಗೆ ಹೇಳದ ಮಾತುಗಳೆಲ್ಲ ಆ ಹಾಡಿನಿಂದ ತಿಳಿಯುತ್ತಿದ್ದವು. ಇದು ನನ್ನೊಬ್ಬಳ ಹಣೆಬರಹವಲ್ಲ, ಇದಕ್ಕೆ ಹೆಸರಿದೆ, ಇದನ್ನು ಹೇಳಲು ಮಾತಿದೆ ಎಂಬುದು ಗೊತ್ತಾಗುವುದು ಬದಲಾವಣೆಯಲ್ಲದಿರಬಹುದು. ಅದಿಲ್ಲದೆ ಬದಲಾವಣೆ ಶುರುವಾಗುವುದಾದರೂ ಹೇಗೆ? ಹೇಳಲು ಮಾತಿಲ್ಲದ ನೋವು ಒಳಗೇ ಕೊಳೆಯುತ್ತದೆ. ಹೊರೆ ಕೆಳಗಿಳಿಯಲಿಲ್ಲ ನಿಜ, ಆದರೆ ಹೊತ್ತವಳು ಒಬ್ಬಳೇ ಅಲ್ಲವೆಂದಾಯಿತು. ಮೊದಲು ಕೇಳಿಕೊಂಡ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರ ಇದು.

ಕಲ್ಲು ಹೋದಮೇಲೆ ಏನಾಯಿತು? ಪಟ್ಟಣದ ಮನೆಗಳಲ್ಲಿ ಮಿಕ್ಸರು ಬಂತು. ಅದರ ಸದ್ದಿನ ಮುಂದೆ ಯಾರ ಹಾಡೂ ನಡೆಯುವುದಿಲ್ಲ. ಹಾಡಿನ ಜಾಗಕ್ಕೆ ಕ್ಯಾಸೆಟ್ ಬಂತು. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆಗಳು ಮನೆಮನೆಗೆ ತಲುಪಿದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ರತ್ನಮಾಲಾ ಪ್ರಕಾಶ್ ಅವರ ದನಿ ಕೇಳುತ್ತ ಅಡಿಗೆ ಮಾಡಿದ ಸಂತೋಷ ನನ್ನ ಪ್ರಾಯದ ಯಾವ ಹೆಂಗಸಿಗಿಲ್ಲ? ಆ ಸುಖ ಸುಳ್ಳಲ್ಲ, ಒಳ್ಳೆಯ ಹಾಡು ಕೇಳುವುದೂ ಒಂದು ಜೊತೆಯೇ. ಆದರೆ ಆ ಸುಖದ ಜೊತೆ ಒಂದು ನಾಚಿಕೆಯೂ ಒಳಗೆ ಬಂತು. ಅಷ್ಟು ಚೆಂದ ಹಾಡುವವರು ಇರುವಾಗ ನಾನೇಕೆ ಬಾಯಿ ತೆರೆಯಲಿ ಎಂಬ ನಾಚಿಕೆ. ಟಿವಿಯ ಸ್ಪರ್ಧೆಗಳು ಅದನ್ನು ಇನ್ನಷ್ಟು ಬೆಳೆಸಿದವು. ಹಾಡಿಗೆ ಅಂಕ, ಹಾಡಿಗೆ ತೀರ್ಪು, ಎಂಟು ವರ್ಷದ ಮಗುವಿಗೂ ಶ್ರುತಿ ತಪ್ಪಿತೆಂಬ ಮಾತು. ಇವತ್ತು ನಾಮಕರಣದ ಮನೆಯಲ್ಲಿ ಜೋಗುಳ ಹಾಡಿ ಎಂದರೆ ಹತ್ತರಲ್ಲಿ ಒಂಬತ್ತು ಹೆಂಗಸರು, "ನನಗ ಕಂಠ ಇಲ್ಲರೀ," ಎಂದು ಹಿಂದೆ ಸರಿಯುತ್ತಾರೆ. ಕೊನೆಗೆ ಯಾರೋ ಫೋನಿನಲ್ಲಿ ಜೋಗುಳ ಹಚ್ಚುತ್ತಾರೆ.

ಕಂಠದ ಮಾತು ಬಂದರೆ ನನಗೆ ಗಂಗೂಬಾಯಿ ಹಾನಗಲ್ಲರ ನೆನಪಾಗುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ 2009ರವರೆಗೆ ಬಾಳಿದವರು. ಅವರ ಮೊದಲ ಕಾಲದ ಧ್ವನಿಮುದ್ರಿಕೆಗಳಲ್ಲಿ ದನಿ ಸಣ್ಣದು, ಏರುಶ್ರುತಿಯದು. ಮುಂದೆ ಗಂಟಲಿನ ಚಿಕಿತ್ಸೆಯಾದ ನಂತರ ಅದು ಗಂಡಸಿನ ದನಿಯಂತೆ ಗಡಸಾಯಿತು. ಸಿಹಿ ಕಂಠವೇ ಹೆಣ್ಣಿನ ಹಾಡು ಎಂದು ನಂಬಿದವರಿಗೆ ಅದು ನಷ್ಟವಾಗಿ ಕಂಡಿರಬೇಕು. ಅವರು ಆ ದನಿಯಲ್ಲೇ ಕಿರಾಣಾ ಘರಾಣೆಯ ಗಾಯನವನ್ನು ದೇಶಕ್ಕೆ ಕೇಳಿಸಿದರು. ನಾವೆಲ್ಲ ಗಂಗೂಬಾಯಿ ಆಗಲಾರೆವು, ಆಗಬೇಕಾಗಿಯೂ ಇಲ್ಲ. ಆದರೆ ಇದ್ದ ದನಿಯೇ ನಮ್ಮ ದನಿ ಎಂದುಕೊಳ್ಳಲು ಅಷ್ಟು ದೊಡ್ಡ ಗಾಯಕಿಯ ಉದಾಹರಣೆ ಸಾಕಲ್ಲವೇ?

ಪಟ್ಟಣದ ಹೆಂಗಸಿಗೆ ಇವತ್ತು ಉಳಿದಿರುವ ಬೀಸುವ ಕಲ್ಲು ಭಜನಾ ಮಂಡಳಿ. ವಾರಕ್ಕೊಂದು ಮಧ್ಯಾಹ್ನ, ಮೂರರಿಂದ ಐದು, ಅದಕ್ಕೆ ಮನೆಯಲ್ಲಿ ಯಾರ ತಕರಾರೂ ಇಲ್ಲ. ದೇವರ ಹೆಸರು ಒಳ್ಳೆಯ ನೆವ. ನಾನೂ ಒಂದು ಮಂಡಳಿಗೆ ಹೋಗುತ್ತೇನೆ, ಆ ಎರಡು ತಾಸಿನ ಬೆಲೆ ನನಗೆ ಗೊತ್ತು. ಪುರಂದರದಾಸರನ್ನೋ ಕನಕದಾಸರನ್ನೋ ಹತ್ತು ಜನ ಕೂಡಿ ಹಾಡುವಾಗ ಉಸಿರು ಒಂದಾಗುವುದು ನಮಗೆ ಯಾವ ಪ್ರಯೋಗಶಾಲೆಯೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚೆಗೆ ನಮ್ಮಲ್ಲೂ ಒಂದೇ ಬಣ್ಣದ ಸೀರೆ, ಮೈಕು, ಅಂತರ ಮಂಡಳಿ ಸ್ಪರ್ಧೆ, ಚೆನ್ನಾಗಿ ಹಾಡುವವರು ಮುಂದಿನ ಸಾಲು, ಉಳಿದವರು ಹಿಂದೆ ತಾಳಕ್ಕೆ. ಎರಡು ತಾಸಿನಲ್ಲಿ ಇಪ್ಪತ್ತು ಹಾಡು ಮುಗಿಯುತ್ತವೆ; ಅದರಲ್ಲಿ ಒಂದಾದರೂ ನಮ್ಮಲ್ಲೊಬ್ಬಳ ಮನೆಯ ಸುದ್ದಿಯಲ್ಲ. ಮಗಳ ಸಂಸಾರ ಮುರಿದದ್ದನ್ನು ಎದೆಯಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತವಳು ನಗುತ್ತ ಮಂಗಳಾರತಿ ಹಾಡಿ ಎದ್ದುಹೋಗುತ್ತಾಳೆ. ಉಸಿರು ಸಿಕ್ಕಿತು, ಜೊತೆ ಸಿಕ್ಕಿತು, ಹೇಳಿಕೊಳ್ಳುವ ಜಾಗ ಸಿಗಲಿಲ್ಲ. ಬೀಸುವ ಕಲ್ಲಿನ ಹಾಡೂ ದೇವರಿಂದಲೇ ಶುರುವಾಗುತ್ತಿತ್ತು. ಆದರೆ ಅಲ್ಲಿಗೇ ಮುಗಿಯುತ್ತಿರಲಿಲ್ಲ ಎಂಬುದನ್ನು ನಾವು ಮರೆತಿದ್ದೇವೆ.

ನನ್ನ ಸಲಹೆ ದೊಡ್ಡದೇನಲ್ಲ. ಮಂಡಳಿಯ ಕೊನೆಯ ಕಾಲು ತಾಸು ಮೈಕು ಆರಿಸಿ, ಪುಸ್ತಕ ಮುಚ್ಚಿ, ಅವ್ವನೋ ಅಜ್ಜಿಯೋ ಹಾಡುತ್ತಿದ್ದದ್ದು ಯಾರಿಗಾದರೂ ನೆನಪಿದ್ದರೆ ಹಾಡಲಿ. ಅರ್ಧ ಬಂದರೆ ಅರ್ಧ. ಉಳಿದವರು ಚೆನ್ನಾಗಿದೆ ಎನ್ನುವುದೂ ಬೇಡ, ಚಪ್ಪಾಳೆಯೂ ಬೇಡ, ಆ ಸಾಲನ್ನು ಇನ್ನೊಮ್ಮೆ ಹಾಡಿದರೆ ಸಾಕು. ಮೊದಲು ಸಂಕೋಚವಾದೀತು, ಎರಡು ಮೂರು ವಾರಕ್ಕೆ ಕಳೆದೀತು. ಏನೂ ನೆನಪಾಗದಿದ್ದರೆ 'ಗರತಿಯ ಹಾಡು' ಈಗಲೂ ಓದಲು ಸಿಗುತ್ತದೆ, ತಂದುಕೊಳ್ಳಿ. ನನ್ನ ತಕರಾರುಗಳೇನೇ ಇರಲಿ, ನಮ್ಮ ಹಿಂದಿನವರು ಆಡಿದ ಮಾತು ಅಷ್ಟು ಧಾರಾಳವಾಗಿ ಒಂದೇ ಕಡೆ ಸಿಗುವ ಪುಸ್ತಕಗಳು ಕಡಿಮೆ. ಆದರೆ ಮಂಚದ ಮೇಲೆ ಮಲಗಿಕೊಂಡು ಒಬ್ಬರೇ ಮನಸ್ಸಿನಲ್ಲಿ ಓದಬೇಡಿ. ಎದುರಿಗೆ ಒಬ್ಬರನ್ನು ಕೂಡಿಸಿಕೊಂಡು, ನಡುವಿನ ಸಾಲನ್ನು ಇಬ್ಬರೂ ಹೇಳಿ, ಗಟ್ಟಿಯಾಗಿ.